ಮನವಿಪತ್ರ ಓದುವ ಹುದ್ದೆ

(ವಿದ್ಯಾರ್ಥಿ ಸಂಘದ ಅಧ್ಯಕ್ಷತೆಯನ್ನು ಕುರಿತ ದತ್ತಿ ಉಪನ್ಯಾಸದ ಲಿಖಿತ ರೂಪ)



ಇಂಥ ವೇದಿಕೆಗೆ ಬಂದವರು ಯುವಜನರಿಗೆ ನಾಲ್ಕು ಬುದ್ಧಿಮಾತು ಹೇಳಿ ಹೋಗುವುದು ರೂಢಿ. ನಾನು ಬುದ್ಧಿ ಹೇಳುವುದಿಲ್ಲ, ಒಂದು ಹುದ್ದೆಯ ಬಗ್ಗೆ ಮಾತಾಡುತ್ತೇನೆ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಅಧ್ಯಕ್ಷತೆ ಆ ಹುದ್ದೆ. ಅದರ ಅವಧಿ ಒಂದು ವರ್ಷ. ನಮ್ಮಲ್ಲಿ ಸಂಬಳವಿಲ್ಲ, ಸಹಿ ಹಾಕಿ ಹಣ ಬಿಡುಗಡೆ ಮಾಡುವ ಅಧಿಕಾರವೂ ಇಲ್ಲ. ಆದರೂ ಸ್ವತಂತ್ರ ಭಾರತದ ಚರಿತ್ರೆಯ ಕೆಲವು ಮುಖ್ಯ ಗಳಿಗೆಗಳಲ್ಲಿ ಆ ಹುದ್ದೆಯಲ್ಲಿದ್ದವರು ಎದ್ದು ನಿಂತಿದ್ದಾರೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವನ್ನು, ಅಂದರೆ ಜೆಎನ್‌ಯುವನ್ನು, ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಆ ವಿಶ್ವವಿದ್ಯಾಲಯದ ರಾಜಕೀಯ ನಿಮಗೆ ಹಿಡಿಸಲಿ, ಹಿಡಿಸದಿರಲಿ, ವಿದ್ಯಾರ್ಥಿ ಸಂಘ ಎಂದರೇನು ಎಂಬ ಪ್ರಶ್ನೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ಸ್ಥಳ ನಮ್ಮ ದೇಶದಲ್ಲಿ ಅಪರೂಪ.

ಒಂದು ಕಪ್ಪುಬಿಳುಪು ಛಾಯಾಚಿತ್ರವನ್ನು ನಿಮ್ಮಲ್ಲಿ ಹಲವರು ಮೊಬೈಲಿನಲ್ಲಿ ನೋಡಿರುತ್ತೀರಿ. ಕೆದರಿದ ಕೂದಲಿನ ಒಬ್ಬ ತರುಣ ಕಾಗದ ಹಿಡಿದು ಓದುತ್ತಿದ್ದಾನೆ, ಪಕ್ಕದಲ್ಲಿ ಇಂದಿರಾ ಗಾಂಧಿ ನಿಂತು ಕೇಳುತ್ತಿದ್ದಾರೆ. ತುರ್ತು ಪರಿಸ್ಥಿತಿಯಲ್ಲಿ ಪೊಲೀಸರು ಹೊಡೆದು ಆ ವಿದ್ಯಾರ್ಥಿಯಿಂದ ಕ್ಷಮಾಪಣೆ ಓದಿಸಿದರು ಎಂಬ ಅಡಿಬರಹದೊಂದಿಗೆ ಅದು ಆಗಾಗ ಹರಿದಾಡುತ್ತದೆ. ಅದು ಶುದ್ಧ ಸುಳ್ಳು. ಚಿತ್ರ 1977ರದು. ತುರ್ತು ಪರಿಸ್ಥಿತಿ ಮುಗಿದಿತ್ತು, ಇಂದಿರಾ ಗಾಂಧಿ ಚುನಾವಣೆಯಲ್ಲಿ ಸೋತಿದ್ದರು, ಆದರೆ ಜೆಎನ್‌ಯು ಕುಲಾಧಿಪತಿ ಸ್ಥಾನದಲ್ಲಿ ಇನ್ನೂ ಇದ್ದರು. ವಿದ್ಯಾರ್ಥಿಗಳು ಮೆರವಣಿಗೆಯಲ್ಲಿ ಅವರ ಮನೆಗೇ ಹೋದರು. ಅಧ್ಯಕ್ಷರಾಗಿದ್ದ ಸೀತಾರಾಂ ಯೆಚೂರಿ, ಆ ಸ್ಥಾನ ಬಿಟ್ಟುಕೊಡಬೇಕೆಂಬ ಮನವಿಪತ್ರವನ್ನು ಅವರೆದುರೇ ಓದಿದರು. ಇಂದಿರಾ ಗಾಂಧಿ ಹೊರಗೆ ಬಂದು ನಿಂತು ಕೇಳಿದರು. ಮುಂದೆ ರಾಜೀನಾಮೆಯನ್ನೂ ಕೊಟ್ಟರು.

ಆ ಚಿತ್ರದಲ್ಲಿ ಯೆಚೂರಿ ಭಾಷಣ ಮಾಡುತ್ತಿಲ್ಲ, ಓದುತ್ತಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಇದು. ಕೈಯಲ್ಲಿದ್ದ ಕಾಗದದ ಒಕ್ಕಣೆ ಅವರೊಬ್ಬರದಲ್ಲ, ಹಿಂದೆ ನಿಂತಿದ್ದ ಎಲ್ಲರದು. ಓದುವ ಹಕ್ಕು ಅವರಿಗೆ ಬಂದದ್ದು ಎಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಿದ್ದರು ಎಂದಲ್ಲ, ಆರಿಸಿ ಬಂದಿದ್ದರು ಎಂದು. ಇಪ್ಪತ್ತೈದು ವರ್ಷದ ಒಬ್ಬ ವಿದ್ಯಾರ್ಥಿ ಮಾಜಿ ಪ್ರಧಾನಿಯ ಎದುರು ಎದೆಗೊಟ್ಟು ನಿಲ್ಲಬಲ್ಲವನಾದರೆ ಆ ಬಲದ ಮೂಲ ಬೆನ್ನ ಹಿಂದಿನ ಮತಗಳಲ್ಲಿದೆ. ಈ ಹುದ್ದೆಯ ಜೀವಾಳ ಅಲ್ಲಿದೆ ಎಂದು ನಾನು ತಿಳಿದಿದ್ದೇನೆ. ಇಂದಿನ ಉಪನ್ಯಾಸದ ಉಳಿದ ಮಾತೆಲ್ಲ ಇದರ ವಿಸ್ತರಣೆ.

ಜೆಎನ್‌ಯು ಹುಟ್ಟಿದ್ದು 1969ರಲ್ಲಿ. ಅಲ್ಲಿನ ಸಂಘದ ಸಂವಿಧಾನವನ್ನು ವಿದ್ಯಾರ್ಥಿಗಳೇ ಬರೆದುಕೊಂಡರು. ಚುನಾವಣಾ ಆಯೋಗವೂ ವಿದ್ಯಾರ್ಥಿಗಳದೇ. ಅಧ್ಯಕ್ಷ, ಉಪಾಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿಗಳನ್ನು ಎಲ್ಲರೂ ಸೇರಿ ಆರಿಸುತ್ತಾರೆ, ಒಂದೊಂದು ಅಧ್ಯಯನ ವಿಭಾಗದಿಂದ ಕೌನ್ಸಿಲರುಗಳು ಬರುತ್ತಾರೆ. ಪೋಸ್ಟರುಗಳನ್ನು ಕೈಯಿಂದಲೇ ಬರೆಯುವುದು ಅಲ್ಲಿನ ಹಳೆಯ ಪದ್ಧತಿ. ಮತದಾನಕ್ಕೆ ಮುಂಚೆ ಒಂದು ರಾತ್ರಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳೆಲ್ಲ ಒಂದೇ ವೇದಿಕೆಗೆ ಬರಬೇಕು. ತಮ್ಮ ಮಾತು ಹೇಳಬೇಕು, ಪರಸ್ಪರ ಪ್ರಶ್ನೆ ಕೇಳಬೇಕು, ಎದುರು ಕುಳಿತವರ ಪ್ರಶ್ನೆಗಳಿಗೂ ಉತ್ತರ ಕೊಡಬೇಕು. ಪ್ಯಾಲೆಸ್ತೀನದ ಪ್ರಶ್ನೆಯೂ ಬರುತ್ತದೆ, ಹಾಸ್ಟೆಲ್ ಮೆಸ್ಸಿನ ಪ್ರಶ್ನೆಯೂ ಬರುತ್ತದೆ. ಎರಡಕ್ಕೂ ಉತ್ತರ ಗೊತ್ತಿಲ್ಲದವರು ಅಲ್ಲಿ ನಿಲ್ಲಲಾರರು. ನಮ್ಮ ವಿಧಾನಸಭೆಯ ಚುನಾವಣೆಗೆ ಇಂಥ ಒಂದು ರಾತ್ರಿ ಕಡ್ಡಾಯವಾಗಿದ್ದರೆ ಎಷ್ಟು ಹೆಸರುಗಳು ಪಟ್ಟಿಯಿಂದ ಬಿದ್ದುಹೋಗುತ್ತಿದ್ದವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಗೆದ್ದ ಮೇಲೂ ಅಧ್ಯಕ್ಷ ಸರ್ವಸ್ವತಂತ್ರನಲ್ಲ. ಎಲ್ಲ ವಿದ್ಯಾರ್ಥಿಗಳ ಸಾಮಾನ್ಯ ಸಭೆಯಿದೆ. ಅಲ್ಲಿ ಮಂಡಿಸಬೇಕು, ಬೈಸಿಕೊಳ್ಳಬೇಕು, ಮತಕ್ಕೆ ಹಾಕಬೇಕು. ಮುಷ್ಕರ ಬೇಡವೆಂದು ಸಭೆ ತೀರ್ಮಾನಿಸಿದರೆ ಮುಷ್ಕರವಿಲ್ಲ. 2000ದ ಚುನಾವಣೆಯಲ್ಲಿ ಬಲಪಂಥೀಯ ವಿದ್ಯಾರ್ಥಿ ಸಂಘಟನೆಯಾದ ಎಬಿವಿಪಿಯ ಸಂದೀಪ್ ಮಹಾಪಾತ್ರ ಅಧ್ಯಕ್ಷರಾದದ್ದು ಒಂದೇ ಒಂದು ಮತದ ಅಂತರದಿಂದ. ಎಡಪಂಥೀಯರ ಕೋಟೆ ಎಂದು ಹೆಸರಾದ ಆವರಣದಲ್ಲಿ ಒಂದು ಮತದಿಂದ ಗೆದ್ದವರನ್ನು ಅಧ್ಯಕ್ಷರೆಂದು ಒಪ್ಪಿಕೊಂಡು ವರ್ಷ ಸಾಗಿಸಿದರು. ಪ್ರಜಾಪ್ರಭುತ್ವದ ಪಾಠವನ್ನು ಇದಕ್ಕಿಂತ ನೇರವಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು. ಸೋತವರಿಗೂ ಅವರೇ ಅಧ್ಯಕ್ಷರು. ಗೆದ್ದವರು ತಮಗೆ ಮತ ಹಾಕದವರ ಅರ್ಜಿಯನ್ನೂ ಹೊತ್ತು ಕುಲಪತಿಗಳ ಬಾಗಿಲಿಗೆ ಹೋಗಬೇಕು.

ಈಗ 1975ಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಜೂನ್ ತಿಂಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಜೆಎನ್‌ಯು ಆಗ ಆರು ವರ್ಷದ ಕೂಸು. ಸಂಘದ ಅಧ್ಯಕ್ಷ ದೇವಿ ಪ್ರಸಾದ್ ತ್ರಿಪಾಠಿ. ಕಣ್ಣಿನ ದೃಷ್ಟಿ ತುಂಬ ಮಂದವಾಗಿದ್ದ, ಆದರೆ ಅಪಾರವಾಗಿ ಓದಿಕೊಂಡಿದ್ದ ತರುಣ. ಚುನಾಯಿತ ಕೌನ್ಸಿಲರ್ ಆಗಿದ್ದ ಅಶೋಕ ಲತಾ ಜೈನ್ ಅವರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿದಾಗ, ಸೆಪ್ಟೆಂಬರಿನಲ್ಲಿ, ಸಂಘ ಮೂರು ದಿನಗಳ ತರಗತಿ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ದೇಶದ ದೊಡ್ಡ ದೊಡ್ಡ ಪತ್ರಿಕೆಗಳು ಬಾಯಿಗೆ ಬೀಗ ಹಾಕಿಕೊಂಡಿದ್ದ ದಿನಗಳವು. ಒಬ್ಬ ವಿದ್ಯಾರ್ಥಿನಿಯನ್ನು ಹೊರಹಾಕಿದ್ದಕ್ಕಾಗಿ ತರಗತಿ ಬಿಟ್ಟು ಹೊರಬರುವುದು ಎಂಥ ಸಾಹಸವೆಂಬುದನ್ನು ಈ ಕಾಲದಲ್ಲಿ ಕುಳಿತು ಊಹಿಸುವುದು ಕಷ್ಟ.

ಸೆಪ್ಟೆಂಬರ್ 25ರ ಬೆಳಿಗ್ಗೆ ಪ್ರಧಾನಿಯ ಸೊಸೆ ಮೇನಕಾ ಗಾಂಧಿ ತರಗತಿಗೆ ಬಂದರು. ಅವರು ಅಲ್ಲಿ ಜರ್ಮನ್ ಕಲಿಯುತ್ತಿದ್ದರು. ಬಹಿಷ್ಕಾರ ನಡೆದಿದೆ, ನೀವೂ ತರಗತಿಗೆ ಹೋಗಬೇಡಿ ಎಂದು ವಿದ್ಯಾರ್ಥಿಗಳು ಕೇಳಿಕೊಂಡರು. ಮೇನಕಾ ಸಿಟ್ಟಿನಿಂದ ಹಿಂತಿರುಗಿದರು. ಸ್ವಲ್ಪ ಹೊತ್ತಿನಲ್ಲೇ ಕಪ್ಪು ಅಂಬಾಸಡರ್ ಕಾರೊಂದು ಬಂತು. ಮಫ್ತಿಯಲ್ಲಿದ್ದ ಪೊಲೀಸರು ಅಲ್ಲಿ ನಿಂತಿದ್ದ ತರುಣನೊಬ್ಬನನ್ನು, ನೀನೇ ತ್ರಿಪಾಠಿಯೋ ಎಂದು ಕೇಳಿದರು. ಅಲ್ಲ ಎಂದರೂ ಬಿಡದೆ ಕಾರಿನೊಳಗೆ ಎಳೆದು ಹಾಕಿದರು. ತಡೆಯಲು ಬಂದ ಗೆಳೆಯರನ್ನು ತಳ್ಳಿ ಕಾರು ಹೊರಟೇಹೋಯಿತು. ಆ ತರುಣ ಪ್ರಬೀರ್ ಪುರಕಾಯಸ್ಥ. ಅಧ್ಯಕ್ಷನೆಂದು ತಪ್ಪು ತಿಳಿದು ಹಿಡಿದವರನ್ನು, ತಪ್ಪು ಗೊತ್ತಾದ ಮೇಲೂ ಬಿಡಲಿಲ್ಲ. ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಬಿಡುತ್ತಿದ್ದ ಮೀಸಾ ಕಾಯಿದೆಯಡಿ ಸುಮಾರು ಒಂದು ವರ್ಷ ಜೈಲಿನಲ್ಲಿಟ್ಟರು. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗ ಈ ಬಂಧನವನ್ನೂ ಪರಿಶೀಲಿಸಿತು. ತ್ರಿಪಾಠಿಯವರನ್ನೂ ಆಮೇಲೆ ಹಿಡಿದು ಜೈಲಿಗೆ ಹಾಕಿದರು.

ಜೆಎನ್‌ಯು ಒಂದರ ಕಥೆ ಇದಲ್ಲ. ದೆಹಲಿ ವಿಶ್ವವಿದ್ಯಾಲಯದ ಸಂಘದ ಅಧ್ಯಕ್ಷರಾಗಿ 1974ರಲ್ಲಿ ಆಯ್ಕೆಯಾಗಿದ್ದ, ತೀರ ಬೇರೆಯದೇ ವಿಚಾರಧಾರೆಯ ಅರುಣ್ ಜೇಟ್ಲಿ ತುರ್ತು ಪರಿಸ್ಥಿತಿಯ ಮೊದಲ ದಿನವೇ ಪ್ರತಿಭಟನೆ ನಡೆಸಿ 19 ತಿಂಗಳು ಸೆರೆಯಲ್ಲಿದ್ದರು. ಅದಕ್ಕೂ ಮುಂಚೆ 1973ರಲ್ಲಿ ಪಟ್ನಾ ವಿಶ್ವವಿದ್ಯಾಲಯದ ಸಂಘಕ್ಕೆ ಲಾಲೂ ಪ್ರಸಾದ್ ಅಧ್ಯಕ್ಷರಾಗಿಯೂ ಸುಶೀಲ್ ಮೋದಿ ಪ್ರಧಾನ ಕಾರ್ಯದರ್ಶಿಯಾಗಿಯೂ ಆಯ್ಕೆಯಾಗಿದ್ದರು. ಮರುವರ್ಷ ಜಯಪ್ರಕಾಶ ನಾರಾಯಣರು ಮುಂದೆ ನಿಂತು ನಡೆಸಿದ ಬಿಹಾರ ಚಳವಳಿಗೆ ಆ ಸಂಘವೇ ಕಾಲಾಳು ಒದಗಿಸಿತು. ಅಧಿಕಾರದಲ್ಲಿರುವವರು ವಿದ್ಯಾರ್ಥಿ ಸಂಘಗಳಿಗೆ ಏಕೆ ಅಂಜುತ್ತಾರೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಈ ಹೆಸರುಗಳನ್ನು ಮುಂದಿಟ್ಟು, ವಿದ್ಯಾರ್ಥಿ ಸಂಘ ನಾಯಕರನ್ನು ತಯಾರಿಸುತ್ತದೆ, ಆದ್ದರಿಂದ ಅದು ಬೇಕು ಎಂದು ವಾದಿಸುವವರಿದ್ದಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ. ಅಧ್ಯಕ್ಷರಾದವರಲ್ಲಿ ಹೆಚ್ಚಿನವರು ಮಂತ್ರಿಗಳಾಗುವುದಿಲ್ಲ. ಪಾಠ ಹೇಳುತ್ತಾರೆ, ವಕೀಲಿಕೆ ಮಾಡುತ್ತಾರೆ, ಪತ್ರಿಕೆಗೆ ಬರೆಯುತ್ತಾರೆ, ಊರಿಗೆ ಹೋಗಿ ಸಂಸಾರ ನಡೆಸುತ್ತಾರೆ. ಅವರ ಆ ಒಂದು ವರ್ಷ ವ್ಯರ್ಥವೇ? ಹುದ್ದೆಯನ್ನು ಅಳೆಯಬೇಕಾದದ್ದು ಆ ವರ್ಷದಲ್ಲಿ ಏನು ನಡೆಯಿತು ಎಂಬುದರಿಂದ.

ಆ ವರ್ಷದ ಹೆಚ್ಚಿನ ಕೆಲಸ ಯಾವ ಛಾಯಾಚಿತ್ರಕ್ಕೂ ಸಿಗುವುದಿಲ್ಲ. ವಿದ್ಯಾರ್ಥಿವೇತನ ಬಾರದೆ ಮೆಸ್ ಬಾಕಿ ಉಳಿಸಿಕೊಂಡವನಿಗೆ ಊಟ ನಿಲ್ಲದಂತೆ ವಾರ್ಡನ್ನರೊಂದಿಗೆ ಮಾತಾಡಬೇಕು. ಗ್ರಂಥಾಲಯ ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರಬೇಕೆಂದು ಜಗಳವಾಡಬೇಕು. ಸಂಶೋಧನೆಯ ಮಾರ್ಗದರ್ಶಕರಿಂದ ಕಿರುಕುಳ ಅನುಭವಿಸುತ್ತಿರುವ ಹುಡುಗಿ ನಡುರಾತ್ರಿ ಬಾಗಿಲು ತಟ್ಟಿದರೆ ಅವಳೊಂದಿಗೆ ಕುಳಿತು ದೂರು ಬರೆಯಬೇಕು. ಅವಳ ಹೆಸರು ಮಾತ್ರ ಎಲ್ಲೂ ಬಾಯಿ ಬಿಡಬಾರದು. ಈ ಕೊನೆಯದು ಅತಿ ಕಠಿಣವಾದ ಹೊಣೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ಕುರಿತ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪಿನ ಬೆನ್ನಿಗೆ, 1999ರಲ್ಲಿ, ಜೆಎನ್‌ಯುನಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ಒಂದು ಸಮಿತಿ ರಚನೆಯಾಯಿತು. ಅದರಲ್ಲಿ ವಿದ್ಯಾರ್ಥಿಗಳು ಆರಿಸಿ ಕಳಿಸಿದ ಪ್ರತಿನಿಧಿಗಳೂ ಇದ್ದರು. 2017ರಲ್ಲಿ ಆಡಳಿತ ಅದನ್ನು ತೆಗೆದುಹಾಕಿ ಆಂತರಿಕ ದೂರು ಸಮಿತಿಯನ್ನು ತಂದಿತು. ಆ ಬದಲಾವಣೆಯನ್ನು ವಿದ್ಯಾರ್ಥಿಗಳು ಅಷ್ಟು ತೀವ್ರವಾಗಿ ವಿರೋಧಿಸಿದ್ದು ಏಕೆಂದು ಬಹಳ ಜನಕ್ಕೆ ಅರ್ಥವಾಗಲಿಲ್ಲ. ಸಮಿತಿಗೆ ದೂರು ಕೊಡುವವಳಿಗೆ, ಒಳಗೆ ಕುಳಿತವರಲ್ಲಿ ಒಬ್ಬರಾದರೂ ತಾನು ಮತ ಹಾಕಿ ಕಳಿಸಿದವರು ಎಂಬ ಧೈರ್ಯ ಬೇಕು.

ಇನ್ನೊಂದು ಸಂಗತಿ, ಪ್ರವೇಶದ್ದು. ಹಿಂದುಳಿದ ಜಿಲ್ಲೆಗಳಿಂದ, ಬಡ ಮನೆಗಳಿಂದ ಬಂದವರಿಗೆ ಪ್ರವೇಶದಲ್ಲಿ ಹೆಚ್ಚುವರಿ ಅಂಕ ಕೊಡುವ ಪದ್ಧತಿ ಜೆಎನ್‌ಯುನಲ್ಲಿತ್ತು. 1983ರಲ್ಲಿ ದೊಡ್ಡ ಗಲಾಟೆಯಾಯಿತು. ಕುಲಪತಿಗಳಿಗೆ ಘೇರಾವ್ ಹಾಕಿದರು, ಪೊಲೀಸರು ಒಳಗೆ ಬಂದು ನೂರಾರು ವಿದ್ಯಾರ್ಥಿಗಳನ್ನು ತಿಹಾರ್ ಜೈಲಿಗೆ ಒಯ್ದರು. 2019ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿಯವರೂ ಅವರಲ್ಲೊಬ್ಬರು. ಆ ಗಲಾಟೆಯ ಬಳಿಕ ಹೆಚ್ಚುವರಿ ಅಂಕದ ಪದ್ಧತಿಯೇ ರದ್ದಾಯಿತು. ಅದನ್ನು ಮತ್ತೆ ತರಿಸಲು ಸಂಘಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. ಬೇಡಿಕೆ ಎತ್ತಿದ ಅಧ್ಯಕ್ಷರು ಅದು ಈಡೇರಿದ್ದನ್ನು ವಿದ್ಯಾರ್ಥಿಯಾಗಿ ನೋಡಲಿಲ್ಲ. ಈಡೇರಿಸಿಕೊಂಡವರು ಅದರ ಫಲ ಉಣ್ಣಲಿಲ್ಲ, ಏಕೆಂದರೆ ಅವರು ಆಗಲೇ ಒಳಗಿದ್ದರು. ಲಾಭವಾದದ್ದು ಇನ್ನೂ ಯಾವುದೋ ಹಳ್ಳಿಯ ಹೈಸ್ಕೂಲಿನಲ್ಲಿದ್ದ ಮಕ್ಕಳಿಗೆ. ಮಾವಿನ ಸಸಿ ನೆಡುವವನ ಸ್ವಭಾವವಿಲ್ಲದವರು ಈ ಹುದ್ದೆಗೆ ಬರಬಾರದು.

ಆ ಬೇಡಿಕೆ ಈಡೇರಿದ ಕಾಲದಲ್ಲಿ ಸಂಘದಲ್ಲಿದ್ದವರ ಪೈಕಿ ಒಬ್ಬರು ಚಂದ್ರಶೇಖರ್ ಪ್ರಸಾದ್. ಬಿಹಾರದ ಸಿವಾನ್ ಜಿಲ್ಲೆಯವರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಿ, ಅದನ್ನು ಬಿಟ್ಟು ಬಂದವರು. 1993ರಲ್ಲಿ ಉಪಾಧ್ಯಕ್ಷ, ಆಮೇಲೆ ಎರಡು ಬಾರಿ ಅಧ್ಯಕ್ಷ. ಅವಧಿ ಮುಗಿದ ಮೇಲೆ ದೆಹಲಿಯಲ್ಲೇ ಉಳಿದು ಉದ್ಯೋಗ ಹಿಡಿಯಬಹುದಿತ್ತು. ಹಿಂತಿರುಗಿ ಸಿವಾನ್‌ಗೆ ಹೋದರು, ಭೂಹೀನರ ನಡುವೆ ಸಂಘಟನೆಗೆ ಇಳಿದರು. 1997ರ ಮಾರ್ಚ್ 31ರಂದು, ಸಿವಾನ್ ಪಟ್ಟಣದ ಜೆ.ಪಿ. ಚೌಕದಲ್ಲಿ, ಬಂದ್‌ಗೆ ಕರೆ ಕೊಡುವ ಬೀದಿಸಭೆ ನಡೆಸುತ್ತಿದ್ದಾಗ ಅವರನ್ನೂ ಜೊತೆಗಾರ ಶ್ಯಾಮ್ ನಾರಾಯಣ್ ಯಾದವ್ ಅವರನ್ನೂ ಗುಂಡಿಟ್ಟು ಕೊಂದರು. ಅವರ ರಾಜಕೀಯ ಮಾರ್ಗ ನನ್ನದಲ್ಲ. ಆದರೆ ವಿಶ್ವವಿದ್ಯಾಲಯದಲ್ಲಿ ಕಲಿತ ಹೊಣೆಯನ್ನು ವಿಶ್ವವಿದ್ಯಾಲಯದ ಗೇಟಿನಲ್ಲೇ ಬಿಟ್ಟುಹೋಗದ ಆ ಮನುಷ್ಯನ ಹೆಸರನ್ನು ಇಂಥ ಉಪನ್ಯಾಸದಲ್ಲಿ ಹೇಳದಿರುವುದು ನನ್ನಿಂದಾಗದು.

ಇನ್ನೊಂದು ಮುಖವನ್ನೂ ಹೇಳಲೇಬೇಕು. ವಿದ್ಯಾರ್ಥಿ ಚುನಾವಣೆಯೆಂದರೆ ಹಣ, ತೋಳ್ಬಲ, ಜಾತಿ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. 2006ರ ಆಗಸ್ಟಿನಲ್ಲಿ ಉಜ್ಜಯಿನಿಯ ಮಾಧವ ಕಾಲೇಜಿನಲ್ಲಿ ಚುನಾವಣೆಯ ಜಗಳದ ನಡುವೆ ಹಲ್ಲೆಗೊಳಗಾದ ಪ್ರಾಧ್ಯಾಪಕ ಸಭರ್ವಾಲ್ ತೀರಿಕೊಂಡರು. ಗುರುವೊಬ್ಬರ ಪ್ರಾಣ ಹೋದ ಮೇಲೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ. 2024ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಚುನಾವಣೆಯಲ್ಲಿ ಗೋಡೆಗಳಿಗೆಲ್ಲ ಪೋಸ್ಟರು ಬಳಿದು ಊರನ್ನೇ ಹೊಲಸು ಮಾಡಿದರೆಂದು ಹೈಕೋರ್ಟ್ ಮತ ಎಣಿಕೆಯನ್ನೇ ತಡೆಹಿಡಿಯಿತು. ಸೆಪ್ಟೆಂಬರಿನಲ್ಲಿ ಹಾಕಿದ ಮತಗಳನ್ನು ನವೆಂಬರ್ 25ರಂದು ಎಣಿಸಿದರು.

ಇಂಥ ಪಿಡುಗುಗಳಿಗೆ ಮದ್ದು ಹುಡುಕಲೆಂದೇ, ಈ ಘಟನೆಗಳಿಗೂ ಮುಂಚೆಯೇ, ಸುಪ್ರೀಂ ಕೋರ್ಟಿನ ನಿರ್ದೇಶನದಂತೆ, ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ನೇತೃತ್ವದ ಸಮಿತಿ ರಚನೆಯಾಯಿತು. ಝೋಯಾ ಹಸನ್, ಪ್ರತಾಪ್ ಭಾನು ಮೆಹ್ತಾ ಅವರಂಥ ವಿದ್ವಾಂಸರು ಅದರಲ್ಲಿದ್ದರು. 2006ರ ಮೇ ತಿಂಗಳಲ್ಲಿ ವರದಿ ಬಂತು, ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಅದನ್ನು ಜಾರಿಗೆ ತರಲು ಆದೇಶಿಸಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು. ಹಾಜರಾತಿ ಶೇಕಡಾ 75 ಇರಬೇಕು. ಅಚ್ಚು ಹಾಕಿಸಿದ ಪೋಸ್ಟರು ಕೂಡದು. ಪಕ್ಷಗಳ ಹಣ ಕೂಡದು. ಇಡೀ ಪ್ರಕ್ರಿಯೆ ಹತ್ತು ದಿನಗಳೊಳಗೆ ಮುಗಿಯಬೇಕು. ಎಲ್ಲವೂ ಒಪ್ಪುವ ಮಾತೇ. ಒಂದು ನಿಯಮದ ಬಗ್ಗೆ ಮಾತ್ರ ನನ್ನ ತಕರಾರಿದೆ. ಪದಾಧಿಕಾರಿಯ ಸ್ಥಾನಕ್ಕೆ ಒಬ್ಬ ವಿದ್ಯಾರ್ಥಿ ಒಂದೇ ಬಾರಿ ಸ್ಪರ್ಧಿಸಬಹುದು ಎನ್ನುತ್ತದೆ ಅದು. ಆ ನಿಯಮ ಮೊದಲೇ ಇದ್ದಿದ್ದರೆ ಯೆಚೂರಿ ಮತ್ತೆ ಮತ್ತೆ ಆರಿಸಿಬರುತ್ತಿರಲಿಲ್ಲ, ಉಪಾಧ್ಯಕ್ಷರಾಗಿದ್ದ ಚಂದ್ರಶೇಖರ್ ಅಧ್ಯಕ್ಷರಾಗುತ್ತಲೇ ಇರಲಿಲ್ಲ. ಗೆದ್ದವರು ಮತ್ತೊಮ್ಮೆ ಮತದಾರರ ಮುಂದೆ ಬಂದು ಲೆಕ್ಕ ಒಪ್ಪಿಸುವ ಅವಕಾಶವನ್ನೇ ಕಿತ್ತುಕೊಂಡರೆ ಉತ್ತರದಾಯಿತ್ವ ಬೆಳೆಯುವುದಿಲ್ಲ, ಸೊರಗುತ್ತದೆ. ಲಿಂಗ್ಡೊ ನಿಯಮಗಳಿಗೆ ಹೊಂದಿಕೆಯಾಗಲಿಲ್ಲವೆಂದು 2008ರಲ್ಲಿ ಜೆಎನ್‌ಯು ಚುನಾವಣೆಗೇ ತಡೆ ಬಿತ್ತು. ಕೆಲವು ಸಡಿಲಿಕೆಗಳೊಂದಿಗೆ ಮತ್ತೆ ಮತದಾನ ನಡೆದದ್ದು 2012ರ ಮಾರ್ಚಿನಲ್ಲಿ.

ಆದರೆ ಆ ವರದಿಯ ಇನ್ನೊಂದು ಭಾಗವನ್ನು ನಮ್ಮ ರಾಜ್ಯದವರು ಓದಿಯೇ ಇಲ್ಲವೇನೋ ಅನ್ನಿಸುತ್ತದೆ. ಶಾಂತಿಯುತ ಚುನಾವಣೆಗೆ ವಾತಾವರಣವಿಲ್ಲದ ಕಡೆ ನಾಮನಿರ್ದೇಶನ ಮಾಡಬಹುದು, ಆದರೆ ಅದು ತಾತ್ಕಾಲಿಕ ವ್ಯವಸ್ಥೆ, ಐದು ವರ್ಷಗಳೊಳಗೆ ಎಲ್ಲ ಸಂಸ್ಥೆಗಳೂ ಚುನಾವಣೆಗೆ ಬರಬೇಕು ಎಂದಿತು ಸಮಿತಿ. ಕೇವಲ ಅಂಕಗಳ ಆಧಾರದ ಮೇಲೆ ನಾಮನಿರ್ದೇಶನ ಮಾಡುವುದು ಸರಿಯಲ್ಲವೆಂದೂ ಹೇಳಿತು. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ, ಕಾಲೇಜುಗಳಲ್ಲಿ ನೇರ ಚುನಾವಣೆ ನಿಂತು ಮೂರು ದಶಕ ಮೀರಿದೆ. ನಾನು ಪಾಠ ಹೇಳಿದ ಕಾಲೇಜುಗಳಲ್ಲೆಲ್ಲ ಕಂಡದ್ದು ಒಂದೇ ಕ್ರಮ. ಹಿಂದಿನ ವರ್ಷ ಹೆಚ್ಚು ಅಂಕ ಪಡೆದವರನ್ನು ತರಗತಿ ಪ್ರತಿನಿಧಿ ಎಂದು ಪ್ರಾಂಶುಪಾಲರ ಕೊಠಡಿಯಲ್ಲಿ ಗುರುತು ಹಾಕುವುದು, ಅವರಲ್ಲೊಬ್ಬರನ್ನು ಸಂಘದ ಅಧ್ಯಕ್ಷರೆಂದು ಘೋಷಿಸುವುದು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಮಾಣವಚನ, ಶಾಲು, ವಂದನಾರ್ಪಣೆ. ಅಲ್ಲಿಗೆ ಅಧ್ಯಕ್ಷತೆ ಮುಗಿಯಿತು. ಆ ಮಕ್ಕಳು ಜಾಣರು, ಸಜ್ಜನರು. ಅವರ ಮೇಲೆ ನನಗೆ ಆಕ್ಷೇಪವಿಲ್ಲ. ಆದರೆ ಶೌಚಾಲಯಕ್ಕೆ ನೀರಿಲ್ಲವೆಂದು ಹೇಳಲು ಅವರು ಪ್ರಾಂಶುಪಾಲರ ಬಾಗಿಲಿಗೆ ಹೋದರೆ, ಹೇಳಲು ನೀನು ಯಾರು ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ. ಅವರನ್ನು ಆ ಸ್ಥಾನದಲ್ಲಿ ಕೂರಿಸಿದವರು ಬಾಗಿಲ ಒಳಗಿರುವವರೇ.

ಕನ್ನಡನಾಡಿನ ಮಕ್ಕಳಿಗೆ ಇದು ಆಗದ ಕೆಲಸವೇನಲ್ಲ. ಬೆಂಗಳೂರಿನ ನಾಗರಬಾವಿಯಲ್ಲೇ ಇರುವ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸ್ಟೂಡೆಂಟ್ ಬಾರ್ ಅಸೋಸಿಯೇಷನ್ನಿಗೆ ವಿದ್ಯಾರ್ಥಿಗಳೇ ಅಧ್ಯಕ್ಷರನ್ನು ಆರಿಸುತ್ತಾರೆ. ಅದರಿಂದ ಆ ಸಂಸ್ಥೆಯೇನೂ ಕುಸಿದುಬಿದ್ದಿಲ್ಲ. ನಮ್ಮ ಉಡುಪಿಯ ರಶ್ಮಿ ಸಾಮಂತ್ 2021ರ ಫೆಬ್ರುವರಿಯಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿ ಸಂಘದ ಅಧ್ಯಕ್ಷೆಯಾಗಿ ಆರಿಸಿಬಂದರು. ಹಾಗೆ ಆಯ್ಕೆಯಾದ ಮೊದಲ ಭಾರತೀಯ ಮಹಿಳೆ ಅವರು. ಹಳೆಯ ಜಾಲತಾಣ ಬರಹಗಳ ಬಗ್ಗೆ ಎದ್ದ ವಿವಾದದ ನಡುವೆ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಆ ವಿವಾದ ಇಲ್ಲಿಯ ವಿಷಯವಲ್ಲ, ಆರಿಸುವ ಕ್ರಮ ವಿಷಯ. ಬ್ರಿಟನ್ನಿನ 1994ರ ಶಿಕ್ಷಣ ಕಾಯಿದೆ ವಿದ್ಯಾರ್ಥಿ ಸಂಘದ ಮುಖ್ಯ ಪದಾಧಿಕಾರಿಗಳನ್ನು ಗುಪ್ತಮತದಾನದಿಂದಲೇ ಆರಿಸಬೇಕೆಂದು ಹೇಳುತ್ತದೆ. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಅಧ್ಯಕ್ಷತೆ ಸಂಬಳವಿರುವ ಪೂರ್ಣಾವಧಿ ಕೆಲಸ. ಓದನ್ನು ಒಂದು ವರ್ಷ ಬದಿಗಿಟ್ಟು ಮಾಡುವಷ್ಟು ಕೆಲಸ ಆ ಹುದ್ದೆಯಲ್ಲಿದೆ ಎಂದು ಆ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿವೆ.

ನಮ್ಮ ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಹದಿನೆಂಟಕ್ಕೆ ಲೋಕಸಭೆಗೆ ಮತ ಹಾಕುವ, ಇಪ್ಪತ್ತೊಂದಕ್ಕೆ ಗ್ರಾಮ ಪಂಚಾಯಿತಿಗೆ ಸ್ಪರ್ಧಿಸಿ ಅಧ್ಯಕ್ಷೆಯೂ ಆಗಬಲ್ಲ ಹುಡುಗಿ, ಅದೇ ವಯಸ್ಸಿನಲ್ಲಿ ತಾನು ಓದುವ ಕಾಲೇಜಿನಲ್ಲಿ ತನ್ನ ಪ್ರತಿನಿಧಿ ಯಾರೆಂದು ಹೇಳುವಂತಿಲ್ಲ. ಇದನ್ನು ಸಮರ್ಥಿಸುವ ಒಂದು ಗಟ್ಟಿ ಕಾರಣವನ್ನೂ ನಾನು ಈವರೆಗೆ ಕೇಳಿಲ್ಲ. ಗಲಭೆಯಾಗುತ್ತದೆ ಎನ್ನುತ್ತಾರೆ. ಗಲಭೆ ತಡೆಯಲು ನಿಯಮಗಳಿವೆ, ಸುಪ್ರೀಂ ಕೋರ್ಟಿನ ಆದೇಶವಿದೆ. ಪಂಚಾಯಿತಿ ಚುನಾವಣೆಯಲ್ಲಿ ಜಗಳವಾಗುತ್ತದೆಂದು ನಾವು ಪಂಚಾಯಿತಿಗಳನ್ನೇ ಮುಚ್ಚಿಲ್ಲ.

ಈ ಸಭಾಂಗಣದಲ್ಲಿ ಸಿಂಡಿಕೇಟ್ ಸದಸ್ಯರಿದ್ದೀರಿ, ಪ್ರಾಂಶುಪಾಲರಿದ್ದೀರಿ. ನನ್ನ ಕೋರಿಕೆ ಚಿಕ್ಕದು. ಇಡೀ ರಾಜ್ಯಕ್ಕೆ ಕಾನೂನು ಬರಲಿ ಎಂದು ಕಾಯಬೇಡಿ. ಮುಂದಿನ ಶೈಕ್ಷಣಿಕ ವರ್ಷದಲ್ಲಿ ನಿಮ್ಮ ನಿಮ್ಮ ಕಾಲೇಜಿನಲ್ಲಿ ತರಗತಿ ಪ್ರತಿನಿಧಿಯನ್ನಾದರೂ ಗುಪ್ತಮತದಾನದಿಂದ ಆರಿಸಲು ಬಿಡಿ. ಹೆಣ್ಣುಮಕ್ಕಳಿಗೆ ಸ್ಥಾನ ಮೀಸಲಿಡಿ. ಸ್ಪರ್ಧಿಸುವವರನ್ನು ಒಂದು ಸಂಜೆ ಒಂದೇ ವೇದಿಕೆಯಲ್ಲಿ ನಿಲ್ಲಿಸಿ, ಎದುರು ಕುಳಿತವರು ಪ್ರಶ್ನೆ ಕೇಳಲಿ. ವಿದ್ಯಾರ್ಥಿಗಳೇ, ಆ ಅವಕಾಶ ಬಂದಾಗ ಪಕ್ಷದ ಹಣ ಮುಟ್ಟಬೇಡಿ, ಜಾತಿಯ ಹೆಸರಿನಲ್ಲಿ ಮತ ಕೇಳಬೇಡಿ. ಗೆದ್ದ ಮೇಲೆ ನಿಮ್ಮ ಮೊದಲ ಮನವಿಪತ್ರವನ್ನು ನಿಮಗೆ ಮತ ಹಾಕದವರನ್ನೂ ಕೂಡಿಸಿಕೊಂಡು ಬರೆಯಿರಿ.